ದೀಕ್ಷಾಸ್ನಾನವೋ, ಸಮರ್ಪಣೆಯೋ: ಒಂದು ಮನೆಯ ಪ್ರಕರಣ

ಗಂಡ ಆಂಗ್ಲಿಕನ್ ಪದ್ಧತಿಯ ಸಭೆಯಲ್ಲಿ, ಅಂದರೆ ಕೂಸಿಗೂ ದೀಕ್ಷಾಸ್ನಾನ (ಬ್ಯಾಪ್ಟಿಸಂ, ಕ್ರೈಸ್ತ ಸಭೆಗೆ ಸೇರಿಸುವ ನೀರಿನ ಸಂಸ್ಕಾರ) ಕೊಡುವ ಚರ್ಚಿನಲ್ಲಿ ಬೆಳೆದವನು, ಹೆಂಡತಿ ಬ್ಯಾಪ್ಟಿಸ್ಟ್ ಸಭೆಯವಳು, ಅಲ್ಲಿ ತಾನೇ ನಂಬಿ ಕೇಳಿದವರಿಗೆ ಮಾತ್ರ ಅದನ್ನು ಕೊಡುತ್ತಾರೆ. ಮದುವೆಗೆ ಮುಂಚೆ ಇಬ್ಬರೂ ಕೂತು ಬೇಕಾದಷ್ಟು ಮಾತಾಡಿದ್ದರು. ದುಡ್ಡು, ಕೆಲಸ, ಅಪ್ಪ ಅಮ್ಮನನ್ನು ನೋಡಿಕೊಳ್ಳೋದು, ಯಾವ ಭಾನುವಾರ ಯಾರ ಸಭೆಗೆ ಹೋಗೋದು, ಎಲ್ಲ. ಮಕ್ಕಳ ದೀಕ್ಷಾಸ್ನಾನದ ಮಾತು ಬಂದಾಗ ಮಾತ್ರ ‘ಆಮೇಲೆ ನೋಡೋಣ’ ಅಂತ ಮುಂದಕ್ಕೆ ಹಾಕಿದ್ದರು. ಮಗಳು ಹುಟ್ಟಿ ನಾಲ್ಕು ತಿಂಗಳಾದಾಗ ಇಬ್ಬರೂ ನನ್ನ ಹತ್ತಿರ ಬಂದರು. ನಾನು ಅವರಿಬ್ಬರ ಸಭೆಗೂ ಸೇರಿದವನಲ್ಲ. ಬೇರೆ ಬೇರೆ ಸಭೆಗಳಿಂದ ಬಂದ ಜೋಡಿಗಳ ಜೊತೆ ಕೂತು ಮಾತಾಡುವ ಸೇವೆ ನನ್ನದು. ಅವರ ಒಪ್ಪಿಗೆ ತಗೊಂಡೇ ಇದನ್ನು ಬರೆಯುತ್ತಿದ್ದೇನೆ, ಗುರುತು ಸಿಗುವ ವಿವರ ಬಿಟ್ಟಿದ್ದೇನೆ.

ಅವರು ಬರುವ ಹೊತ್ತಿಗೆ ಮನೆ ಎರಡು ಪಾಲಾಗಿತ್ತು. ಗಂಡನ ತಾಯಿ ದಿನಾ ಫೋನ್ ಮಾಡಿ ‘ಮಗುವಿಗೆ ದೀಕ್ಷಾಸ್ನಾನ ಯಾವಾಗ’ ಅಂತ ಕೇಳುತ್ತಿದ್ದರು. ಹೆಂಡತಿಯ ತಂದೆ ತಮ್ಮ ಸಭೆಯಲ್ಲಿ ಹಿರಿಯರು. ‘ಏನೂ ತಿಳಿಯದ ಮಗುವಿಗೆ ನೀರು ಹಾಕೋದಕ್ಕೆ ನಾನು ಬರಲ್ಲ, ನೀವು ಕರೆಯಲೂ ಬೇಡಿ’ ಅಂದುಬಿಟ್ಟಿದ್ದರು. ಅವರಿಗೆ ಬೇಕಿದ್ದದ್ದು ಶಿಶು ಸಮರ್ಪಣೆ. ಕೆಲವು ಸಭೆಗಳಲ್ಲಿ ಇದನ್ನೇ ಪ್ರತಿಷ್ಠೆ ಅನ್ನುತ್ತಾರೆ. ತಂದೆತಾಯಿ ಮಗುವನ್ನು ಸಭೆಯ ಮುಂದೆ ತರುತ್ತಾರೆ, ದೇವರ ಕೈಗೆ ಒಪ್ಪಿಸುತ್ತಾರೆ, ನಂಬಿಕೆಯಲ್ಲಿ ಬೆಳೆಸುತ್ತೇವೆ ಅಂತ ಮಾತು ಕೊಡುತ್ತಾರೆ, ಸಭೆಯ ಪಾಲಕರು, ಅಂದರೆ ಪಾಸ್ಟರ್, ಮಗುವಿನ ತಲೆ ಮೇಲೆ ಕೈ ಇಟ್ಟು ಪ್ರಾರ್ಥಿಸುತ್ತಾರೆ. ನೀರು ಇಲ್ಲ. ಮಗು ಬೆಳೆದು ತಾನೇ ನಂಬಿ ಕೇಳಿದಾಗ ದೀಕ್ಷಾಸ್ನಾನ.

ದಂಪತಿ ತಾವೇ ಒಂದು ದಾರಿ ಹುಡುಕಿಕೊಂಡು ಬಂದಿದ್ದರು. ಒಂದು ಭಾನುವಾರ ಇವಳ ಸಭೆಯಲ್ಲಿ ಸಮರ್ಪಣೆ ಮಾಡೋದು, ಮುಂದಿನ ತಿಂಗಳು ಅವನ ಸಭೆಯಲ್ಲಿ ಸುಮ್ನೆ ಮನೆಯವರಷ್ಟೇ ಸೇರಿ ದೀಕ್ಷಾಸ್ನಾನ ಮುಗಿಸೋದು, ಮಾವನಿಗೆ ಹೇಳದೆ. ಇಬ್ಬರಿಗೂ ಸಮಾಧಾನ, ಅಲ್ವಾ?

ಅಲ್ಲ. ಇದನ್ನು ನಾನು ಮೊದಲ ದಿನವೇ ಖಡಾಖಂಡಿತವಾಗಿ ಹೇಳಿದೆ. ಸಮರ್ಪಣೆ ಮಾಡುವ ಸಭೆಯಲ್ಲಿ ಈ ತಾಯಿ ‘ಮಗಳು ತಾನೇ ನಂಬಿ ದೀಕ್ಷಾಸ್ನಾನಕ್ಕೆ ಬರುವ ದಿನಕ್ಕಾಗಿ ಪ್ರಾರ್ಥಿಸುತ್ತೇವೆ’ ಅಂತ ಎಲ್ಲರೆದುರು ಹೇಳಬೇಕು. ಮುಂದಿನ ತಿಂಗಳು ಇನ್ನೊಂದು ಸಭೆಯಲ್ಲಿ ಅದೇ ಬಾಯಲ್ಲಿ ‘ಈ ಮಗುವಿಗೆ ದೀಕ್ಷಾಸ್ನಾನವಾಯಿತು’ ಅನ್ನೋದಕ್ಕೆ ಆಮೆನ್ ಹೇಳಬೇಕು. ಎರಡರಲ್ಲಿ ಒಂದು ಕಡೆ ಅವಳು ದೇವರ ಮುಂದೆ ಸುಳ್ಳು ಹೇಳಿದ ಹಾಗೆ. ಅದೂ ಅಲ್ಲದೆ ಮಗು ಹದಿನೈದು ವರ್ಷಕ್ಕೆ ಬಂದು ‘ನನಗೆ ದೀಕ್ಷಾಸ್ನಾನ ಬೇಕು’ ಅಂದಾಗ ಗುಟ್ಟು ಹೊರಗೆ ಬರಲೇಬೇಕು. ಆಗ ಒಂದು ಸಭೆ ‘ನಿನಗೆ ಆಗಲೇ ಆಗಿದೆ’ ಅನ್ನುತ್ತೆ, ಇನ್ನೊಂದು ‘ಅದು ಲೆಕ್ಕಕ್ಕಿಲ್ಲ, ಬಾ’ ಅನ್ನುತ್ತೆ. ದೊಡ್ಡವರು ಬಗೆಹರಿಸದ ಜಗಳವನ್ನು ಆ ಹುಡುಗಿಯ ಹೆಗಲಿಗೆ ಹೊರಿಸಿದ ಹಾಗಾಗುತ್ತೆ.

ವಾಕ್ಯಗಳ ಜಗ್ಗಾಟ

ಇಬ್ಬರೂ ಸತ್ಯವೇದ ಓದಿಕೊಂಡವರು. ಹಾಗಾಗಿ ಮೊದಲ ಎರಡು ಸಲ ಕೂತಾಗ ವಾಕ್ಯದ ಮೇಲೆ ವಾಕ್ಯ ಬಿತ್ತು. ಅವನು ಆದಿಕಾಂಡ 17 ತೆಗೆದ. ಅಬ್ರಹಾಮನ ಒಡಂಬಡಿಕೆಯ ಗುರುತನ್ನು, ಅಂದರೆ ಸುನ್ನತಿಯನ್ನು, ಎಂಟು ದಿನದ ಮಗುವಿಗೇ ಹಾಕಬೇಕಿತ್ತು, ಕೊಲೊಸ್ಸೆ 2ರಲ್ಲಿ ಪೌಲ ಸುನ್ನತಿಯ ಪಕ್ಕದಲ್ಲೇ ದೀಕ್ಷಾಸ್ನಾನವನ್ನು ಇಡುತ್ತಾನೆ, ಪೆಂತೆಕೊಸ್ತಿನ ದಿನ ಪೇತ್ರ ಈ ವಾಗ್ದಾನ ನಿಮಗೂ ನಿಮ್ಮ ಮಕ್ಕಳಿಗೂ ಅಂದ, ಹಾಗಿರುವಾಗ ಹಳೆಯ ಒಡಂಬಡಿಕೆಯಲ್ಲಿ ಒಳಗಿದ್ದ ಮಕ್ಕಳು ಹೊಸದರಲ್ಲಿ ಹೊರಗೆ ಹೋದರಾ ಅಂತ ಅವನ ಪ್ರಶ್ನೆ. ಅವಳು ಪೇತ್ರನ ಆ ಮಾತಿರುವ ಅಪೊಸ್ತಲರ ಕೃತ್ಯಗಳು 2ನ್ನೇ ಹಿಡಿದಳು. ಪೇತ್ರ ಮೊದಲು ಹೇಳಿದ್ದು ಮಾನಸಾಂತರಪಡಿರಿ ಅಂತ, ಆಮೇಲೆ ದೀಕ್ಷಾಸ್ನಾನ. ಆ ದಿನ ದೀಕ್ಷಾಸ್ನಾನ ಆದದ್ದು ಮಾತನ್ನು ಒಪ್ಪಿಕೊಂಡವರಿಗೆ.

ಲುದ್ಯಳ ಮನೆಯವರು, ಫಿಲಿಪ್ಪಿಯ ಸೆರೆಮನೆ ಯಜಮಾನನ ಮನೆಯವರು, ಸ್ತೆಫನನ ಮನೆಯವರು, ಮನೆಮಂದಿಗೆಲ್ಲ ದೀಕ್ಷಾಸ್ನಾನವಾಯಿತು ಅಂತ ಸತ್ಯವೇದದಲ್ಲಿರುವ ಇವರೂ ಮಾತಿಗೆ ಬಂದರು. ಮನೆಯವರು ಅಂದಮೇಲೆ ಕೂಸುಗಳೂ ಇದ್ದಿರಬೇಕು ಅಂತ ಒಬ್ಬರು. ಸೆರೆಮನೆ ಯಜಮಾನನ ಮನೆಯವರೆಲ್ಲರಿಗೂ ಮೊದಲು ವಾಕ್ಯ ಹೇಳಿದರು ಅಂತಿದೆಯಲ್ಲ ಅಂತ ಇನ್ನೊಬ್ಬರು. ನೇರವಾಗಿ ಹೇಳೋದಾದರೆ, ಹೊಸ ಒಡಂಬಡಿಕೆಯಲ್ಲಿ ಶಿಶುವಿಗೆ ದೀಕ್ಷಾಸ್ನಾನ ಕೊಟ್ಟರು ಅಂತ ಒಂದು ಕಡೆಯೂ ಬರೆದಿಲ್ಲ, ಕೊಡಬೇಡಿ ಅಂತಲೂ ಬರೆದಿಲ್ಲ. ಕ್ರೈಸ್ತ ಮನೆಯಲ್ಲಿ ಹುಟ್ಟಿ ಬೆಳೆದ ಮಗುವಿಗೆ ದೊಡ್ಡವನಾದ ಮೇಲೆ ಕೊಟ್ಟರು ಅಂತಲೂ ಒಂದು ಉದಾಹರಣೆ ಇಲ್ಲ. ಈ ಕೊನೆಯದನ್ನು ಬ್ಯಾಪ್ಟಿಸ್ಟ್ ಸ್ನೇಹಿತರು ಜಾಸ್ತಿ ಗಮನಿಸೋದಿಲ್ಲ.

ಸಮರ್ಪಣೆಗೆ ಕೊಡುವ ವಾಕ್ಯಗಳನ್ನೂ ನಾವು ಬಿಡಿಸಿ ನೋಡಿದೆವು. ಹನ್ನ ಸಮುವೇಲನನ್ನು ಕರ್ತನಿಗೆ ಒಪ್ಪಿಸಿದ್ದು ನಿಜ, ಆದರೆ ಹಾಲು ಬಿಡಿಸಿದ ಮೇಲೆ, ಶೀಲೋವಿನಲ್ಲಿ ಏಲಿಯ ಹತ್ತಿರ ಬಿಟ್ಟು ಬಂದಳು, ಮಗ ಮನೆಗೆ ವಾಪಸ್ ಬರಲಿಲ್ಲ. ಇವತ್ತು ಸಮರ್ಪಣೆ ಮಾಡುವ ಯಾವ ತಾಯಿಯೂ ಹಾಗೆ ಮಾಡೋದಿಲ್ಲ. ಮರಿಯ ಮತ್ತು ಯೋಸೇಫ ಯೇಸುವನ್ನು ದೇವಾಲಯಕ್ಕೆ ತಂದದ್ದು ಮೋಶೆಯ ನಿಯಮದಂತೆ, ಚೊಚ್ಚಲ ಮಗನ ಸಲುವಾಗಿ, ತಾಯಿಯ ಶುದ್ಧೀಕರಣದ ದಿನಗಳು ಮುಗಿದ ಮೇಲೆ. ಲೂಕ 2ರಲ್ಲಿ 21ನೇ ವಚನ ಸುನ್ನತಿಯದು, 22ನೇ ವಚನ ದೇವಾಲಯಕ್ಕೆ ತಂದದ್ದು. ಅಕ್ಕಪಕ್ಕದ ಎರಡು ವಚನಗಳಲ್ಲಿ ಒಂದು ಅವನ ಕಡೆಯ ಆಧಾರ, ಇನ್ನೊಂದು ಅವಳ ಕಡೆಯ ಆಧಾರ! ಯೇಸು ಮಕ್ಕಳನ್ನು ಅಪ್ಪಿಕೊಂಡು ಆಶೀರ್ವದಿಸಿದ ಮಾರ್ಕ 10ನ್ನಂತೂ ಎರಡೂ ಕಡೆಯವರು ತಮ್ಮ ಆರಾಧನೆಯಲ್ಲಿ ಓದುತ್ತಾರೆ. ಸಮರ್ಪಣೆಯನ್ನು ಮಾಡಿ ಅಂತ ಯೇಸುವಾಗಲಿ ಅಪೊಸ್ತಲರಾಗಲಿ ಆಜ್ಞೆ ಕೊಟ್ಟಿಲ್ಲ. ಬ್ಯಾಪ್ಟಿಸ್ಟರ 1689ರ ಲಂಡನ್ ನಂಬಿಕೆಯ ಪ್ರಕಟನೆಯಲ್ಲಿ ದೀಕ್ಷಾಸ್ನಾನದ ಅಧ್ಯಾಯ ಇದೆ, ಶಿಶು ಸಮರ್ಪಣೆಯ ಅಧ್ಯಾಯ ಇಲ್ಲ. ಇದು ಕೇಳಿ ಅವಳು ಸ್ವಲ್ಪ ಹೊತ್ತು ಸುಮ್ಮನಾದಳು. ‘ಹಾಗಾದರೆ ನಮ್ಮದೂ ಸಭೆಯ ಪದ್ಧತಿನೇ’ ಅಂದಳು. ಹೌದು, ಒಳ್ಳೆಯ ಪದ್ಧತಿ. ಆದರೆ ಪದ್ಧತಿ ಅನ್ನೋದು ಗೊತ್ತಿರಬೇಕು.

ಇತಿಹಾಸ ತೀರ್ಪು ಕೊಡುತ್ತೆ ಅಂದುಕೊಂಡವರಿಗೂ ನಿರಾಶೆಯೇ. ಸುಮಾರು 200ರ ಹೊತ್ತಿಗೆ ಉತ್ತರ ಆಫ್ರಿಕಾದ ಕ್ರೈಸ್ತ ಬರಹಗಾರ ಟರ್ಟುಲಿಯನ್ ಚಿಕ್ಕ ಮಕ್ಕಳ ದೀಕ್ಷಾಸ್ನಾನ ತಡ ಮಾಡೋದು ಒಳ್ಳೆಯದು ಅಂದ. ಅಂದರೆ ಆಗಲೇ ಕೊಡುತ್ತಿದ್ದರು, ಆಗಲೇ ಅದಕ್ಕೆ ಆಕ್ಷೇಪವೂ ಇತ್ತು. ಅದೇ ಊರಿನ, ಅಂದರೆ ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಮತ್ತು ಜೊತೆಗಿದ್ದ ಬಿಷಪ್‌ಗಳು ಸುಮಾರು 253ರಲ್ಲಿ ಎಂಟನೇ ದಿನದವರೆಗೂ ಕಾಯೋದು ಬೇಡ ಅಂತ ತೀರ್ಮಾನಿಸಿದರು. ನಜಿಯಾಂಜಸ್‌ನ ಗ್ರೆಗೊರಿ ನಾಲ್ಕನೇ ಶತಮಾನದ ದೈವಶಾಸ್ತ್ರಜ್ಞ, ಅವನ ತಂದೆ ಸ್ವತಃ ಬಿಷಪ್, ಆದರೂ ಗ್ರೆಗೊರಿಗೆ ದೀಕ್ಷಾಸ್ನಾನವಾದದ್ದು ದೊಡ್ಡವನಾದ ಮೇಲೆ. ಅವನ ಸಲಹೆ ಇನ್ನೊಂದು ಥರ: ಅಪಾಯ ಇಲ್ಲದಿದ್ದರೆ ಮಗುವಿಗೆ ಮೂರು ವರ್ಷ ಆಗುವವರೆಗೆ ಕಾಯಿರಿ, ಪ್ರಶ್ನೆಗೆ ಉತ್ತರ ಕೊಡುವಷ್ಟು ಬುದ್ಧಿ ಬರಲಿ.

ನನಗೆ ತುಂಬಾ ಹಿಡಿಸಿದ್ದು ಆಗಸ್ಟೀನನ ಕಥೆ, ಅದನ್ನೇ ಇವರಿಗೂ ವಿವರವಾಗಿ ಹೇಳಿದೆ. 354ರಲ್ಲಿ ಹುಟ್ಟಿದವನು. ತಾಯಿ ಮೋನಿಕಾ ಗಟ್ಟಿ ವಿಶ್ವಾಸಿ. ಆದರೂ ಕೂಸಾಗಿದ್ದಾಗ ದೀಕ್ಷಾಸ್ನಾನ ಕೊಡಿಸಲಿಲ್ಲ. ಮಗನಿಗೆ ಶಿಲುಬೆಯ ಗುರುತು ಹಾಕಿಸಿದಳು, ಆ ಕಾಲದ ಪದ್ಧತಿಯಂತೆ ನಾಲಿಗೆಗೆ ಉಪ್ಪು ಇಡಿಸಿದಳು. ಇವನು ಸಭೆಯ ಕಡೆಯವನು, ಕಲಿಯುವವನು ಅನ್ನೋದಕ್ಕೆ ಅದು ಗುರುತು. ಹುಡುಗನಾಗಿದ್ದಾಗ ಹೊಟ್ಟೆನೋವು ಬಂದು ಸಾಯುವ ಹಾಗಾದ, ತಾನೇ ದೀಕ್ಷಾಸ್ನಾನ ಕೇಳಿದ, ತಾಯಿ ಗಾಬರಿಯಲ್ಲಿ ಏರ್ಪಾಡು ಶುರು ಮಾಡಿದಳು, ಅಷ್ಟರಲ್ಲಿ ವಾಸಿಯಾಯಿತು, ಮತ್ತೆ ಮುಂದಕ್ಕೆ ಹೋಯಿತು. ಕೊನೆಗೆ 387ರ ಈಸ್ಟರಿನಲ್ಲಿ ಮಿಲಾನಿನಲ್ಲಿ ಅಂಬ್ರೋಸನ ಕೈಯಿಂದ ಆಯಿತು. ಹೀಗೆ ತಡವಾಗಿ ದೀಕ್ಷಾಸ್ನಾನ ಪಡೆದವನೇ ಮುಂದೆ ಶಿಶು ದೀಕ್ಷಾಸ್ನಾನದ ಪರವಾಗಿ ಪಶ್ಚಿಮದ ಸಭೆಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ವಾದಿಸಿದ. ಅವನಿಂದ ಎರಡೂ ಕಡೆಯವರು ಕಲಿಯಬಹುದು. ತಡ ಮಾಡಿದ ತಾಯಿಯ ನಂಬಿಕೆ ಕಡಿಮೆಯದಲ್ಲ, ತಡ ಮಾಡಬಾರದಿತ್ತು ಅಂದ ಮಗನ ಮಾತೂ ಹಗುರವಲ್ಲ.

ಕಾಗದ ಎದುರಿಗಿಟ್ಟು ಓದಿದ್ದು

ವಾಕ್ಯಗಳ ಮಾತು ಅಲ್ಲಿಗೆ ನಿಲ್ಲಿಸಿ ಒಂದು ಕೆಲಸ ಮಾಡಲು ಹೇಳಿದೆ. ಎರಡೂ ಸಭೆಗಳ ಆರಾಧನಾ ಕ್ರಮದ ಹಾಳೆ ತನ್ನಿ, ತಂದೆತಾಯಿ ಬಾಯಿಬಿಟ್ಟು ಹೇಳಬೇಕಾದ ಮಾತುಗಳನ್ನು ಇಲ್ಲೇ ಗಟ್ಟಿಯಾಗಿ ಓದಿ ಅಂತ. ಇಂಥ ಪ್ರಕರಣಗಳಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ನಂಬೋದು ಇದನ್ನೇ. ದೀಕ್ಷಾಸ್ನಾನವಾಗಲಿ ಸಮರ್ಪಣೆಯಾಗಲಿ, ಮಗುವಿನ ಪರವಾಗಿ ತಂದೆತಾಯಿ ದೇವರ ಮುಂದೆ, ಸಭೆಯ ಮುಂದೆ ಮಾತು ಕೊಡುವ ಸಮಯ ಅದು. ಆ ಮಾತನ್ನು ಯಾರು ಮನಸಾರೆ ಹೇಳಬಲ್ಲರು, ಯಾವ ಸಭೆಯಲ್ಲಿ ಇದ್ದುಕೊಂಡು ಅದನ್ನು ನಡೆಸಬಲ್ಲರು ಅನ್ನೋದು ತಿಳಿಯದೆ ‘ಯಾವುದು ಸರಿ’ ಅಂತ ಎಷ್ಟು ವಾದಿಸಿದರೂ ಆ ಮನೆಗೆ ಉತ್ತರ ಸಿಗೋದಿಲ್ಲ.

ಅವಳು ದೀಕ್ಷಾಸ್ನಾನದ ಹಾಳೆ ಓದಿದಳು. ಸೈತಾನನನ್ನು ತ್ಯಜಿಸುತ್ತೇನೆ, ಕ್ರಿಸ್ತನ ಕಡೆಗೆ ತಿರುಗುತ್ತೇನೆ ಅನ್ನುವ ಸಾಲುಗಳು ಸಲೀಸಾಗಿ ಬಂದವು. ಮಗು ಈಗ ಕ್ರಿಸ್ತನ ಸಭೆಯ ಅಂಗವಾಯಿತು ಅನ್ನುವ ಅರ್ಥದ ಸಾಲಿಗೆ ಬಂದು ನಿಂತಳು. ಮತ್ತೆ ಶುರು ಮಾಡಿದಳು, ಅಲ್ಲೇ ನಿಂತಳು. ‘ಇದನ್ನು ನಾನು ಹೇಳಿದರೆ ಸುಳ್ಳಾಗುತ್ತೆ’ ಅಂದಳು. ಅವಳ ದನಿಯಲ್ಲಿ ಹಟ ಇರಲಿಲ್ಲ, ನೋವಿತ್ತು.

ಅವನು ಸಮರ್ಪಣೆಯ ಹಾಳೆ ಓದಿದ. ಮಗು ನಿನ್ನ ಕೊಡುಗೆ, ನಿನ್ನ ಭಯದಲ್ಲಿ ಬೆಳೆಸುತ್ತೇವೆ, ಪ್ರಾರ್ಥನೆ ಕಲಿಸುತ್ತೇವೆ, ಅವಳು ತಾನೇ ನಂಬುವ ದಿನಕ್ಕಾಗಿ ಕಾಯುತ್ತೇವೆ. ಕೊನೆಯವರೆಗೂ ಓದಿದ. ‘ಇದರಲ್ಲಿ ನಾನು ಒಪ್ಪದ ಮಾತು ಯಾವುದೂ ಇಲ್ಲ’ ಅಂದ. ಆಮೇಲೆ ಹಾಳೆ ಕೆಳಗಿಟ್ಟು ಕೇಳಿದ, ‘ಆದರೆ ಅಲ್ಲಿಯವರೆಗೆ ನನ್ನ ಮಗಳು ಒಳಗಾ, ಹೊರಗಾ?’

ಈ ಪ್ರಶ್ನೆಯನ್ನು ಬ್ಯಾಪ್ಟಿಸ್ಟ್ ಪಾಲಕರ ಮುಂದೆಯೇ ಕೇಳಿಸಿದೆ. ಅವರು ಯೋಚಿಸಿ ಉತ್ತರ ಕೊಟ್ಟರು: ಸಭೆಯ ಸದಸ್ಯಳಲ್ಲ, ಆದರೆ ಹೊರಗಿನವಳೂ ಅಲ್ಲ, 1 ಕೊರಿಂಥ 7ರಲ್ಲಿ ಪೌಲ ವಿಶ್ವಾಸಿಯ ಮಕ್ಕಳನ್ನು ಪವಿತ್ರರು ಅನ್ನುತ್ತಾನೆ, ಆ ಮಾತಿಗೆ ನಮ್ಮಲ್ಲೂ ಜಾಗ ಇದೆ. ಗಂಡನಿಗೆ ಇದು ಪೂರ್ತಿ ಸಾಕಾಗಲಿಲ್ಲ. ಸಾಕಾಗಬೇಕು ಅಂತ ನಾನೂ ಒತ್ತಾಯ ಮಾಡಲಿಲ್ಲ. ಅವನ ಪಾಲಿಗೆ ಇದು ನಿಜವಾದ ನಷ್ಟ. ದೇವರು ಮಗುವಿಗೆ ಮೊದಲು ಕೈ ಚಾಚುತ್ತಾನೆ, ನಮ್ಮ ಉತ್ತರ ಆಮೇಲೆ ಬರುತ್ತೆ ಅನ್ನೋದಕ್ಕೆ ಶಿಶು ದೀಕ್ಷಾಸ್ನಾನದಷ್ಟು ಸ್ಪಷ್ಟ ಗುರುತು ಬೇರೆ ಇಲ್ಲ ಅಂತ ಅವನು ನಂಬಿದವನು. ಅದನ್ನು ಬಿಟ್ಟುಕೊಡು ಅನ್ನೋದು ಸಣ್ಣ ಮಾತಲ್ಲ.

ನನ್ನ ಸಲಹೆ ನಿಂತದ್ದು ಇಲ್ಲಿ. ಅವಳು ‘ನನಗೆ ಇದು ಇಷ್ಟ ಇಲ್ಲ, ಆದರೆ ಕೊಟ್ಟರೆ ಅದೂ ದೀಕ್ಷಾಸ್ನಾನವೇ ಅಂತ ಒಪ್ಪಿಕೊಳ್ಳುತ್ತೇನೆ’ ಅಂದಿದ್ದರೆ, ಮಗುವಿಗೆ ದೀಕ್ಷಾಸ್ನಾನ ಕೊಡಿಸಿ ಅಂತಲೇ ಹೇಳುತ್ತಿದ್ದೆ. ಅವಳು ಹೇಳಿದ್ದು ಅದಲ್ಲ, ಆ ಮಾತನ್ನು ನಾನು ಹೇಳಲಾರೆ ಅಂತ. ಒಬ್ಬರಿಗೆ ದುಃಖ, ಇನ್ನೊಬ್ಬರಿಗೆ ಮನಸ್ಸಾಕ್ಷಿಗೆ ವಿರುದ್ಧ. ಎರಡು ಒಂದೇ ತೂಕದವಲ್ಲ. ಜೊತೆಗೆ ಇನ್ನೊಂದು ಮಾತು: ದೀಕ್ಷಾಸ್ನಾನ ಆಗದೆ ಬೆಳೆದ ಹುಡುಗಿ ಮುಂದೆ ತಾನೇ ನಂಬಿ ಕೇಳಿದರೆ, ಆಂಗ್ಲಿಕನ್ ಸಭೆಯೂ ಸಂತೋಷದಿಂದ ಕೊಡುತ್ತೆ, ಬ್ಯಾಪ್ಟಿಸ್ಟ್ ಸಭೆಯೂ ಕೊಡುತ್ತೆ. ಅಂಥ ದೀಕ್ಷಾಸ್ನಾನವನ್ನು ಎರಡೂ ಕಡೆಯವರು ತಕರಾರಿಲ್ಲದೆ ಒಪ್ಪುತ್ತಾರೆ.

ಹಾಗೆ ನೋಡಿದರೆ ಯಾವಾಗಲೂ ಬ್ಯಾಪ್ಟಿಸ್ಟ್ ಕಡೆಯೇ ಗೆಲ್ಲುತ್ತಲ್ಲ ಅಂತ ಗಂಡ ಕೇಳಿದ. ನ್ಯಾಯವಾದ ಮಾತು. ಎಲ್ಲರೂ ಒಪ್ಪೋದನ್ನೇ ಆರಿಸಿ ಅನ್ನುವ ಒಂದೇ ಕಾರಣ ಸಾಕಾಗಲ್ಲ ಅಂತ ನನಗೂ ಅನಿಸುತ್ತೆ. ಅದಕ್ಕೇ ಅವಳ ಮನಸ್ಸಾಕ್ಷಿಯನ್ನು ಮೊದಲು ಇಟ್ಟೆ, ಇದನ್ನು ಎರಡನೆಯದಾಗಿ ಇಟ್ಟೆ.

ಅಜ್ಜಿಯ ಭಯ, ಮಾವನ ಮಾತು

ಗಂಡನ ತಾಯಿಯ ಜೊತೆ ಬೇರೆಯಾಗಿ ಕೂತೆ. ಅವರ ಆತುರದ ಹಿಂದೆ ಇದ್ದದ್ದು ಹಳೆಯ ಗಾಯ. ಮೊದಲ ಮಗು ಹುಟ್ಟಿದ ಮೂರನೇ ದಿನಕ್ಕೆ ತೀರಿಕೊಂಡಿತ್ತು, ದೀಕ್ಷಾಸ್ನಾನ ಆಗಿರಲಿಲ್ಲ. ಯಾರೋ ಹೆಂಗಸು ಆಗ ಏನೋ ಅಂದಿದ್ದಳಂತೆ, ಆ ಮಾತು ಇಷ್ಟು ವರ್ಷ ಒಳಗೇ ಕೂತಿತ್ತು. ಅವರಿಗೆ ನಾನು ಹೇಳಿದ್ದು ಇಷ್ಟೇ: ಅಮ್ಮಾ, ಶಿಶು ದೀಕ್ಷಾಸ್ನಾನವನ್ನು ಗಟ್ಟಿಯಾಗಿ ಹಿಡಿದಿರುವ ಸಭೆಗಳೇ ದೀಕ್ಷಾಸ್ನಾನವಿಲ್ಲದೆ ತೀರಿಕೊಂಡ ಮಗುವಿಗೆ ರಕ್ಷಣೆ ಇಲ್ಲ ಅಂತ ಕಲಿಸೋದಿಲ್ಲ. ಪ್ರೆಸ್ಬಿಟೇರಿಯನ್ ಸಭೆಗಳು ಹಿಡಿದಿರುವ 1640ರ ದಶಕದ ವೆಸ್ಟ್‌ಮಿನ್‌ಸ್ಟರ್ ನಂಬಿಕೆಯ ಪ್ರಕಟನೆ ದೀಕ್ಷಾಸ್ನಾನವನ್ನು ಕಡೆಗಣಿಸೋದು ದೊಡ್ಡ ಪಾಪ ಅನ್ನುತ್ತೆ, ಅದೇ ಉಸಿರಿನಲ್ಲಿ ಅದಿಲ್ಲದೆ ರಕ್ಷಣೆಯೇ ಇಲ್ಲ ಅನ್ನುವಷ್ಟು ಕೃಪೆ ಅದಕ್ಕೆ ಅಂಟಿಕೊಂಡಿಲ್ಲ ಅಂತಲೂ ಹೇಳುತ್ತೆ. ಹುಟ್ಟಿದ ಮೊದಲ ವಾರಗಳಲ್ಲೇ ಕೊಡಿಸಿ ಅನ್ನುವ ಕಥೋಲಿಕ ಸಭೆ ಕೂಡ ದೀಕ್ಷಾಸ್ನಾನವಿಲ್ಲದೆ ತೀರಿಕೊಂಡ ಶಿಶುಗಳನ್ನು ದೇವರ ಕರುಣೆಗೆ ಒಪ್ಪಿಸುತ್ತೆ, ಅವರ ವಿಷಯದಲ್ಲಿ ನಿರೀಕ್ಷೆ ಇಟ್ಟುಕೊಳ್ಳಲು ಕಾರಣ ಇದೆ ಅಂತ ಅದರ ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗ 2007ರಲ್ಲಿ ಬರೆಯಿತು. ಅವರು ಮೊಮ್ಮಗಳ ವಿಷಯ ಬಿಟ್ಟು ಆ ಮೊದಲ ಮಗುವಿನ ವಿಷಯ ತುಂಬಾ ಹೊತ್ತು ಮಾತಾಡಿದರು. ಸಮರ್ಪಣೆಗೆ ಬರ್ತೀನಿ ಅಂದರು. ಇಷ್ಟವಾಗಿದೆ ಅಂತ ಮಾತ್ರ ಅನ್ನಲಿಲ್ಲ.

ಹೆಂಡತಿಯ ತಂದೆಯ ಜೊತೆಗಿನ ಮಾತು ಇದಕ್ಕಿಂತ ಕಷ್ಟದ್ದು. ತೀರ್ಮಾನ ತಮ್ಮ ಕಡೆ ಆಯಿತು ಅಂತ ಅವರಿಗೆ ಸಂತೋಷ. ಆ ಸಂತೋಷದಲ್ಲಿ ಅಳಿಯನಿಗೆ ‘ಇನ್ನು ನೀನೂ ಸರಿಯಾಗಿ ದೀಕ್ಷಾಸ್ನಾನ ತಗೋ’ ಅಂದರು. ಇಲ್ಲಿ ನಾನು ಗಟ್ಟಿಯಾಗಿ ನಿಂತೆ. ಅಳಿಯನಿಗೆ ಕೂಸಾಗಿದ್ದಾಗ ತಂದೆ ಮಗ ಪವಿತ್ರಾತ್ಮನ ಹೆಸರಿನಲ್ಲಿ ದೀಕ್ಷಾಸ್ನಾನವಾಗಿದೆ, ಹದಿಹರೆಯದಲ್ಲಿ ಆ ನಂಬಿಕೆಯನ್ನು ತಾನೇ ಒಪ್ಪಿ ಹೇಳುವ ದೃಢೀಕರಣವಾಗಿದೆ, ಅದು ನನ್ನ ನಂಬಿಕೆಯ ಜೀವನದ ಬೇರು ಅಂತ ಅವನು ತಿಳಿದಿದ್ದಾನೆ. ಇನ್ನೊಮ್ಮೆ ತಗೋ ಅಂದರೆ ಮೊದಲಿನದು ಏನೂ ಅಲ್ಲ ಅಂದ ಹಾಗೆ. ಈ ಗಾಯ ಹಳೆಯದು. 1525ರ ಜನವರಿಯಲ್ಲಿ ಜೂರಿಕ್‌ನಲ್ಲಿ ಶಿಶು ದೀಕ್ಷಾಸ್ನಾನ ಒಪ್ಪದ ಗುಂಪಿನ ಕಾನ್ರಾಡ್ ಗ್ರೆಬೆಲ್, ಕೂಸಾಗಿದ್ದಾಗಲೇ ದೀಕ್ಷಾಸ್ನಾನ ಆಗಿದ್ದ ಜಾರ್ಜ್ ಬ್ಲೌರಾಕ್‌ಗೆ ದೀಕ್ಷಾಸ್ನಾನ ಕೊಟ್ಟಾಗ, ಅವರ ಪ್ರಕಾರ ಅದು ಎರಡನೆಯದಲ್ಲ, ಮೊದಲನೆಯದೇ. ನಗರದ ಆಡಳಿತಕ್ಕೆ ಅದು ಮರು ದೀಕ್ಷಾಸ್ನಾನದ ಅಪರಾಧ. 1527ರಲ್ಲಿ ಅವರ ಗೆಳೆಯ ಫೆಲಿಕ್ಸ್ ಮಾಂಜ್‌ನನ್ನು ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಂದರು. ಮಾವನ ಕಡೆಯವರು ಈ ರಕ್ತವನ್ನು ಮರೆಯೋದಿಲ್ಲ, ಮರೆಯಬಾರದು ಕೂಡ. ಅಂಥ ಹಿಂಸೆ ಅನುಭವಿಸಿದವರ ಪರಂಪರೆಯವರು ಇನ್ನೊಬ್ಬರ ಮನಸ್ಸಾಕ್ಷಿಯನ್ನು ಒತ್ತಬಾರದು ಅಂತಲೇ ನಾನು ಅವರಿಗೆ ಹೇಳಿದ್ದು.

ಬ್ಯಾಪ್ಟಿಸ್ಟ್ ಸಭೆಗಳೆಲ್ಲ ಈ ವಿಷಯದಲ್ಲಿ ಒಂದೇ ಥರ ಇಲ್ಲ. ಕೆಲವು ಮುಳುಗಿಸುವ ದೀಕ್ಷಾಸ್ನಾನ ಆಗದವರನ್ನು ಸದಸ್ಯರಾಗಿ ಸೇರಿಸಿಕೊಳ್ಳೋದಿಲ್ಲ, ಕೆಲವು ಸೇರಿಸಿಕೊಳ್ಳುತ್ತವೆ. 17ನೇ ಶತಮಾನದಲ್ಲೇ ಬೆಡ್‌ಫರ್ಡ್ ಸಭೆಯ ಪಾಲಕ ಜಾನ್ ಬನ್ಯನ್ ನೀರಿನ ವಿಷಯದ ಭಿನ್ನಾಭಿಪ್ರಾಯ ಪ್ರಭು ಭೋಜನಕ್ಕೆ, ಅಂದರೆ ಸಭೆಯ ರೊಟ್ಟಿ ದ್ರಾಕ್ಷಾರಸದ ಆಚರಣೆಯಲ್ಲಿ ಪಾಲು ಪಡೆಯೋದಕ್ಕೆ, ಅಡ್ಡಿಯಾಗಬಾರದು ಅಂತ ಸ್ವಂತದವರ ಜೊತೆಗೇ ವಾದಿಸಿದ್ದ. ಲೀಮಾದಲ್ಲಿ 1982ರಲ್ಲಿ ಸಭೆಗಳ ಜಾಗತಿಕ ಮಂಡಳಿಯ ಆಯೋಗ ಒಪ್ಪಿದ ದಾಖಲೆ, ಮರು ದೀಕ್ಷಾಸ್ನಾನ ಅನಿಸುವ ಯಾವುದನ್ನೂ ಮಾಡಬೇಡಿ ಅಂತ ಸಭೆಗಳನ್ನು ಕೇಳಿಕೊಂಡಿದೆ. 1970ರಲ್ಲಿ ನಾಗಪುರದಲ್ಲಿ ರೂಪುಗೊಂಡ ಚರ್ಚ್ ಆಫ್ ನಾರ್ತ್ ಇಂಡಿಯಾದಲ್ಲಿ ಆಂಗ್ಲಿಕನರೂ ಬ್ಯಾಪ್ಟಿಸ್ಟರೂ ಒಟ್ಟಿಗೆ ಸೇರಿದರು, ಎರಡೂ ಪದ್ಧತಿಗೆ ಅಲ್ಲಿ ಜಾಗ ಇಟ್ಟುಕೊಂಡರು. ಅಂದರೆ ದಾರಿ ಇದೆ. ಈ ಪ್ರಕರಣದ ಸಭೆಯ ಪಾಲಕರು, ಅಳಿಯ ಅಲ್ಲಿಗೆ ಬರುವಷ್ಟು ಕಾಲ ಅವನಿಗೆ ಪ್ರಭು ಭೋಜನ ಕೊಡುತ್ತೇವೆ, ಮರು ದೀಕ್ಷಾಸ್ನಾನದ ಮಾತು ಎತ್ತೋದಿಲ್ಲ ಅಂತ ಒಪ್ಪಿಕೊಂಡರು. ಇದು ಸಿಗದಿದ್ದರೆ ಸಮರ್ಪಣೆಗೂ ನಾನು ಹೂಂ ಅನ್ನುತ್ತಿರಲಿಲ್ಲ.

ಆದದ್ದು ಮತ್ತು ಉಳಿದದ್ದು

ಭಾನುವಾರ ಹಂಚಿಕೊಂಡು ಓಡಾಡೋದನ್ನು ನಿಲ್ಲಿಸಿದರು. ಮಗಳು ಬೆಳೆಯೋದು ಹೆಂಡತಿಯ ಸಭೆಯಲ್ಲಿ ಅಂತ ತೀರ್ಮಾನವಾಯಿತು. ಕಲಿಸುತ್ತೇವೆ ಅಂತ ಒಂದು ಸಭೆ ಎದ್ದು ನಿಂತು ಮಾತು ಕೊಟ್ಟ ಮೇಲೆ ಮಗು ಆ ಸಭೆಯಲ್ಲೇ ಕಾಣಿಸಬೇಕು. ಸಮರ್ಪಣೆಯ ದಿನ ಗಂಡನ ಸಭೆಯ ಪಾಲಕರನ್ನೂ ಕರೆದರು, ಅವರು ಬಂದು ಆಶೀರ್ವಾದದ ಪ್ರಾರ್ಥನೆ ಮಾಡಿದರು. ನೀರು ಇರಲಿಲ್ಲ. ಹಣೆಗೆ ಎಣ್ಣೆ ಹಚ್ಚೋಣ, ಸ್ವಲ್ಪ ಚಿಮುಕಿಸೋಣ ಅಂತ ಕೆಲವರು ಸಲಹೆ ಕೊಟ್ಟಿದ್ದರು. ಅದಕ್ಕೆ ಅವಕಾಶ ಕೊಡಲಿಲ್ಲ. ನೋಡುವವರಿಗೆ ದೀಕ್ಷಾಸ್ನಾನದ ಹಾಗೆ ಕಾಣುವ ಸಮರ್ಪಣೆ ಎರಡೂ ಕಡೆಯವರಿಗೆ ಮೋಸ. ಇಂಗ್ಲೆಂಡಿನ ಆಂಗ್ಲಿಕನ್ ಸಭೆಯಲ್ಲೂ ಮಗುವಿಗಾಗಿ ಕೃತಜ್ಞತಾ ಆರಾಧನೆ ಅಂತ ಒಂದು ಕ್ರಮ ಇದೆ, ಇದು ದೀಕ್ಷಾಸ್ನಾನ ಅಲ್ಲ ಅಂತ ಅಲ್ಲೂ ಸ್ಪಷ್ಟವಾಗಿಯೇ ಹೇಳುತ್ತಾರೆ.

ಇಬ್ಬರೂ ಒಂದು ಹಾಳೆಯಲ್ಲಿ ನಾಲ್ಕೈದು ಸಾಲು ಬರೆದಿಟ್ಟುಕೊಂಡರು. ಮಗಳು ಕೇಳಿದಾಗ ದೀಕ್ಷಾಸ್ನಾನ, ಯಾವ ಸಭೆಯಲ್ಲಿ ಅನ್ನೋದು ಅವಳ ಇಷ್ಟ. ವಯಸ್ಸು ಇಷ್ಟಾಗಲಿ ಅಂತ ತಳ್ಳಿಹಾಕೋದಿಲ್ಲ. ಅಪ್ಪನ ದೀಕ್ಷಾಸ್ನಾನವನ್ನು ಮನೆಯಲ್ಲಿ ಯಾರೂ ಕಡಿಮೆ ಮಾಡಿ ಮಾತಾಡೋದಿಲ್ಲ. ಮಗು ತೀರಾ ಕಾಯಿಲೆ ಬಿದ್ದರೆ ಏನು ಅನ್ನೋದನ್ನೂ ಕೇಳಿದೆ, ಆಸ್ಪತ್ರೆಯ ಬಾಗಿಲಲ್ಲಿ ಈ ಜಗಳ ಶುರುವಾಗಬಾರದು. ಅವಳು ತುಂಬಾ ಯೋಚಿಸಿ, ‘ಅಂಥ ಹೊತ್ತಲ್ಲಿ ಇವನು ತನ್ನ ಪಾಲಕರನ್ನು ಕರೆಸಿದರೆ ನಾನು ತಡೆಯಲ್ಲ’ ಅಂತ ಬರೆಸಿದಳು. ಅವಳಿಂದ ಇಷ್ಟನ್ನು ನಾನು ನಿರೀಕ್ಷಿಸಿರಲಿಲ್ಲ.

ಇತ್ತೀಚೆಗೆ ಮತ್ತೆ ಫೋನ್ ಮಾಡಿದ್ದರು, ಎರಡನೇ ಮಗು ಬರುವ ಸುದ್ದಿ. ಇದಕ್ಕೂ ಸಮರ್ಪಣೆಯೇನಾ, ಅಥವಾ ಈ ಸಲ ಅವನ ಸರದಿಯಾ ಅಂತ ಪ್ರಶ್ನೆ. ಸರದಿಯ ಲೆಕ್ಕ ಬೇಡ ಅಂದೆ. ಅಕ್ಕನಿಗೆ ಒಂದು, ತಮ್ಮನಿಗೋ ತಂಗಿಗೋ ಇನ್ನೊಂದು ಅಂದರೆ ಒಂದೇ ಮನೆಯಲ್ಲಿ ಒಂದು ಮಗು ಒಳಗೆ, ಒಂದು ಮಗು ಕಾಯುತ್ತಾ ನಿಂತ ಹಾಗೆ. ಅವಳ ಮನಸ್ಸು ಬದಲಾಗಿದೆಯಾ ಅಂತ ಮಾತ್ರ ಕೇಳಿದೆ. ಇಲ್ಲ ಅಂದಳು. ಹಾಗಾದರೆ ಅದೇ ಹಾಳೆ, ಅದೇ ಸಭೆ. ಮತ್ತೊಮ್ಮೆ ಅಜ್ಜಿಗೆ ಮೊದಲೇ ಹೇಳಿ, ಈ ಸಲ ಮಗ ಫೋನಿನಲ್ಲಿ ಹೇಳದೆ ಹೋಗಿ ಕೂತು ಹೇಳಲಿ ಅಂದೆ, ಹೋಗಿ ಬರ್ತೀನಿ ಅಂದಿದ್ದಾನೆ.